ನ್ಯಾಮ್ಹಾಂಗೋ ಹೇಳದ ಹೆಸರು

ಚಿಸಾಂಗ, ಸರೋವರದ ದಂಡೆ
14 ಜನವರಿ 1996

ಪ್ರೀತಿಯ ಮಸೋಜಿ ಅಕ್ಕ,

ಅಂತೂ ಪಾದ್ರಿಯಾಗಿ ನನ್ನ ಮೊದಲನೇ ಸಭೆಗೆ ಬಂದು ಮುಟ್ಟಿದೆ. ದೋಣಿಯಲ್ಲಿ ಎರಡು ಸಲ ವಾಂತಿಯಾಯಿತು. ಹೊಸ ಸಭಾಪಾಲಕ ಗಂಭೀರವಾಗಿ ಇಳಿಯಬೇಕು ಎಂದು ಬಿಳಿ ಕೊರಳಪಟ್ಟಿ ಹಾಕಿಕೊಂಡು ನೀರಿಗೆ ಕಾಲಿಟ್ಟರೆ ಸೊಂಟದವರೆಗೂ ಮುಳುಗಿದೆ. ದಂಡೆಯಲ್ಲಿ ಹೆಂಗಸರು ಸ್ವಾಗತದ ಹಾಡು ಹೇಳುತ್ತಿದ್ದರು. ನನ್ನನ್ನು ನೋಡಿ ಹಾಡು ಅರ್ಧಕ್ಕೇ ನಗುವಾಗಿಬಿಟ್ಟಿತು.

ಇಲ್ಲಿ ಎಲ್ಲವೂ ಮೀನು. ಜೊಂಡಿನ ಅಟ್ಟಣೆಗಳ ಮೇಲೆ ಉಸಿಪಾ ಮೀನು ಬೆಳ್ಳಿಯ ಹಾಗೆ ಒಣಗುತ್ತಿರುತ್ತದೆ. ನನ್ನ ಬೈಬಲ್ಲಿಗೂ ಅದೇ ವಾಸನೆ. ಊರಿನ ದೊಡ್ಡ ದೋಣಿಗಳ ಯಜಮಾನ ಗೊಮೆಜ್ಗಾನಿ ಎಂಬವರು ಮೊದಲ ದಿನವೇ ಒಂದು ಬುಟ್ಟಿ ಮೀನು ಕಳಿಸಿದರು. ಸಭೆಯ ಹಿರಿಯರಾದ ಮತೆಯೋ ಮತ್ತು ಅವರ ಹೆಂಡತಿ ನ್ಯಾಮ್ಹಾಂಗೋ ಮರಗೆಣಸಿನ ಹಿಟ್ಟು ಕೊಟ್ಟರು. ಎರಡನ್ನೂ ಬೇಯಿಸಿಕೊಂಡು ತಿಂದೆ. ಮುದ್ದೆ ಎಷ್ಟು ಅಂಟಾಗಿತ್ತೆಂದರೆ ಬೆರಳು ಬಿಡಿಸಿಕೊಳ್ಳುವುದೇ ಕೆಲಸವಾಯಿತು. ಗಂಡಸರು ಬಲೆ ಹೆಣೆಯುವುದನ್ನು ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ನನಗೂ ಒಂದು ಗಂಟು ಕಲಿಸಿದ್ದಾರೆ.

ಸಭೆ ಚೆನ್ನಾಗಿದೆ. ಜನ ಚೆನ್ನಾಗಿ ಹಾಡುತ್ತಾರೆ.

ಭಾವ ತೀರಿಕೊಂಡ ಮೇಲೆ ಆ ಮನೆಯಲ್ಲಿ ನೀನು ಹೇಗಿದ್ದೀಯ ಎಂಬ ಯೋಚನೆ ಬರುತ್ತಲೇ ಇರುತ್ತದೆ. ಮಗಳು ತಿವೊಂಗೆ ಜೊತೆಗಿದ್ದಾಳಲ್ಲ, ಅದೇ ಸಮಾಧಾನ. ಮಾವ ಪಾದ್ರಿಯಾದ, ಇನ್ನು ಅವನ ಮುಂದೆ ಹುಷಾರಾಗಿರು ಎಂದು ಅವಳಿಗೆ ಹೇಳು.

ನಿನ್ನ ತಮ್ಮ,
ವಿಂಜೇರು


ಕಿಟ್ವೆ
11 ಫೆಬ್ರವರಿ 1996

ತಮ್ಮಾ,

ಪತ್ರ ಬಂತು. ಮೀನಿನ ಬಗ್ಗೆ ಒಂದು ಪುಟ, ಸಭೆಯ ಬಗ್ಗೆ ಒಂದು ಸಾಲು. ಅಪ್ಪ ಏನಾದರೂ ಮುಚ್ಚಿಡುವಾಗ ಮಳೆ ಬೆಳೆಯ ಮಾತು ತೆಗೆಯುತ್ತಿದ್ದ. ನೀನು ಮೀನು ಹಿಡಿದುಕೊಂಡಿದ್ದೀಯ. ಚರ್ಚಿಗೆ ಎಷ್ಟು ಜನ ಬರುತ್ತಾರೆ? ಬಂದವರು ಎಚ್ಚರವಾಗಿರುತ್ತಾರಾ? ನೇರವಾಗಿ ಬರೆ. ನಿನ್ನ ಮೂಗು ಒರೆಸಿದವಳು ನಾನು, ನನ್ನ ಹತ್ತಿರ ಪಾದ್ರಿಗಿರಿ ಬೇಡ.

ಇಲ್ಲಿ ನಾನು ಮೊಗಸಾಲೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡಿದ್ದೇನೆ. ಚರ್ಚಿನ ಹೆಂಗಸರ ಸಂಘಕ್ಕೆ ಹೊಸದಾಗಿ ಸೇರಿದವರಿಗೆಲ್ಲ ಬಿಳಿ ರವಿಕೆ, ಕಪ್ಪು ಲಂಗ ನಾನೇ ಹೊಲಿಯುವುದು. ಕೆಲವರು ಅಳತೆ ಕೊಡುವಾಗ ಹೊಟ್ಟೆ ಒಳಗೆ ಎಳೆದುಕೊಳ್ಳುತ್ತಾರೆ. ಆಮೇಲೆ ಭಾನುವಾರ ಗುಂಡಿ ಹಾರಿ ಮುಂದಿನ ಬೆಂಚಿಗೆ ಬೀಳುತ್ತದೆ, ಬೈಗುಳ ನನಗೆ.

ಕೆಮ್ಮು ಬಂದರೆ ಬಿಸಿನೀರು ಕುಡಿ. ಒದ್ದೆ ಬಟ್ಟೆಯಲ್ಲಿ ಇರಬೇಡ.

ತಿವೊಂಗೆ ಆರಾಮಾಗಿದ್ದಾಳೆ. ಶಾಲೆಯಲ್ಲಿ ಕೆಲಸ ಜಾಸ್ತಿ.

ಅಕ್ಕ


ಚಿಸಾಂಗ
20 ಮಾರ್ಚ್ 1996

ಅಕ್ಕ,

ಸಿಕ್ಕಿಹಾಕಿಕೊಂಡೆ. ನಿಜ ಹೇಳುತ್ತೇನೆ.

ನಮ್ಮ ಚರ್ಚು ದೊಡ್ಡದು. ಇವರ ಅಜ್ಜಂದಿರು ತಲೆಯ ಮೇಲೆ ಇಟ್ಟಿಗೆ ಹೊತ್ತು ಕಟ್ಟಿದ್ದು. ಭಾನುವಾರ ನಾನು ಪೀಠದ ಮೇಲೆ ನಿಂತರೆ ಬಲಗಡೆ ಗೋಡೆಗೆ ಒತ್ತಿಕೊಂಡು ಮತೆಯೋ ಕಡೆಯವರು, ಎಡಗಡೆ ಗೋಡೆಗೆ ಒತ್ತಿಕೊಂಡು ಗೊಮೆಜ್ಗಾನಿ ಕಡೆಯವರು. ನಡುವಿನ ಬೆಂಚುಗಳೆಲ್ಲ ಖಾಲಿ. ಯಾರ ಮುಖ ನೋಡಿ ಪ್ರಸಂಗ ಮಾಡಲಿ? ಎಡಕ್ಕೆ ತಿರುಗಿದರೆ ಬಲದವರು ಕೆಮ್ಮುತ್ತಾರೆ. ಹುಡುಗ ಹುಡುಗಿಯರು ಯಾವ ಕಡೆಗೂ ಇಲ್ಲ. ಅವರು ಗುಡ್ಡ ಹತ್ತಿ ಆಚೆ ಊರಿನ ಶಾಲೆಗೆ ಹೋಗುತ್ತಾರೆ. ಅಲ್ಲಿ ಹೊಸ ಪ್ರಾರ್ಥನಾ ಗುಂಪೊಂದು ಡೋಲು ಬಡಿಯುತ್ತದಂತೆ.

ಕಾರಣ ಇಷ್ಟು. ಮತೆಯೋ ಮತ್ತು ನ್ಯಾಮ್ಹಾಂಗೋಗೆ ಲುಸುಂಗು ಅಂತ ಒಬ್ಬನೇ ಮಗ, ಗೊಮೆಜ್ಗಾನಿಯ ದೋಣಿಯಲ್ಲಿ ಕೆಲಸಕ್ಕಿದ್ದ. ನಾಲ್ಕು ವರ್ಷದ ಹಿಂದೆ, ತೆಂಕಣ ಗಾಳಿ ಮ್ವೇರಾ ಬೀಸುವ ಕಾಲ. ಹುಡುಗ ನೀರು ನೋಡಿ, "ಇವತ್ತು ಬೇಡ ಯಜಮಾನ್ರೇ, ಅಲೆ ಸರಿಯಿಲ್ಲ" ಅಂದನಂತೆ. ಗೊಮೆಜ್ಗಾನಿ ಎಲ್ಲರೆದುರು ನಕ್ಕು, "ಹಂಗಾದ್ರೆ ಹೋಗಿ ಅಮ್ಮನ ಲಂಗ ಹಿಡ್ಕೊಂಡು ಕೂತ್ಕೋ" ಅಂದರು. ದಂಡೆಯವರೆಲ್ಲ ನಕ್ಕರು. ಲುಸುಂಗು ದೋಣಿ ಹತ್ತಿದ. ಸಂಜೆಗೆ ದೋಣಿ ಮಗುಚಿಕೊಂಡು ಬಂತು. ಉಳಿದವರು ಅದನ್ನು ಹಿಡಿದು ತೇಲಿಬಂದರು, ಅವನೊಬ್ಬನೇ ಇಲ್ಲ.

ಅವತ್ತಿನಿಂದ ಆ ಎರಡು ಮನೆಗಳ ನಡುವೆ ಮಾತಿಲ್ಲ. ಹಿರಿಯರ ಕೂಟ ಸೇರುವುದಿಲ್ಲ. ಒಂದೇ ರೊಟ್ಟಿ ಮುರಿದು ಹಂಚಿಕೊಳ್ಳುವ ಮನಸ್ಸಿಲ್ಲದೆ ಪ್ರಭು ಭೋಜನದ ಬಟ್ಟಲು ಪೆಟ್ಟಿಗೆಯಲ್ಲೇ ಇದೆ. ನನಗಿಂತ ಮುಂಚಿನ ಪಾದ್ರಿ ಇಬ್ಬರನ್ನೂ ಸೇರಿಸಲು ಹೋಗಿ ಇಬ್ಬರಿಗೂ ಬೇಡವಾಗಿ ಊರು ಬಿಟ್ಟರು.

ಆದರೆ ನನ್ನ ಹತ್ತಿರ ಒಂದು ಉಪಾಯವಿದೆ. ಈಸ್ಟರ್ ಮುಗಿದ ಮೇಲೆ ಸಭೆಗೆ ಮತ್ತೆ ಜೀವ ತುಂಬುವ ದೊಡ್ಡ ಉಜ್ಜೀವನ ಕೂಟ! ಪಟ್ಟಣದಿಂದ ಹೆಸರಾಂತ ಪ್ರಸಂಗಿ, ಜನರೇಟರ್, ಧ್ವನಿವರ್ಧಕ. ನಮ್ಮ ಹಳೇ ಪದ್ಧತಿಯ ಹಾಗೆ ಒಬ್ಬರು ಪ್ರಾರ್ಥಿಸಿ ಉಳಿದವರು ತೂಕಡಿಸುವುದಲ್ಲ. ಎಲ್ಲರೂ ಒಟ್ಟಿಗೆ, ಬಾಯಿಬಿಟ್ಟು, ಕೈಯೆತ್ತಿ. ಪವಿತ್ರಾತ್ಮ ಇಳಿದರೆ ಗೋಡೆಗಳು ತಾವಾಗಿಯೇ ಬೀಳುತ್ತವೆ.

ನೀನೂ ನಿನ್ನ ಸಂಘದ ಹೆಂಗಸರೂ ಇದಕ್ಕಾಗಿ ಪ್ರಾರ್ಥಿಸಬೇಕು. ನಿನ್ನ ಪ್ರಾರ್ಥನೆಯಲ್ಲೇ ನಾನು ದೊಡ್ಡವನಾದದ್ದು.

ವಿಂಜೇರು


ಕಿಟ್ವೆ
15 ಏಪ್ರಿಲ್ 1996

ವಿಂಜೇರು,

ದೇವರಿಗೆ ಕಿವಿ ಮಂದವೇ? ಯಾವಾಗಿನಿಂದ?

ಆ ಕೂಗಾಟದವರನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಮೈಕು ಕೈಗೆ ಬಂದರೆ ಸಾಕು, ಯಾರು ಬದುಕಬೇಕು ಯಾರು ಏಳಬೇಕು ಎಂದು ದೇವರಿಗೇ ಅಪ್ಪಣೆ ಕೊಡುತ್ತಾರೆ. ಕೆಲಸ ಕೆಟ್ಟರೆ ನಿಮ್ಮ ನಂಬಿಕೆ ಸಾಲದು ಎಂದು ಮೈಕು ಮಡಚಿಕೊಂಡು ಹೋಗುತ್ತಾರೆ. ಮಗ ಸತ್ತ ತಾಯಿಯ ಕಿವಿಗೆ ಜನರೇಟರ್ ಹಚ್ಚುವುದಕ್ಕೆ ನಿನ್ನನ್ನು ಓದಿಸಿದೆನಾ?

ಬೇಕಾದ್ದು ಮಾಡಿಕೋ. ಪ್ರಾರ್ಥನೆ ಮಾಡು ಎಂದು ಮಾತ್ರ ನನ್ನನ್ನು ಕೇಳಬೇಡ.

ಮಸೋಜಿ


ಚಿಸಾಂಗ
2 ಜೂನ್ 1996

ಅಕ್ಕ,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಮನಸ್ಸಾಗಲಿಲ್ಲ ಎನ್ನುವುದೇ ಸರಿ. ಯಾರು ಏನಂದರೂ ತಡೆದುಕೊಳ್ಳುತ್ತಿದ್ದೆ. ನನಗಾಗಿ ಪ್ರಾರ್ಥಿಸುವುದಿಲ್ಲ ಎಂದು ನೀನು ಬರೆದೆಯಲ್ಲ, ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಅಷ್ಟು ಸಿಟ್ಟು ಬರುವಂಥದ್ದು ನಾನೇನು ಮಾಡಿದೆನೋ ಇನ್ನೂ ತಿಳಿದಿಲ್ಲ.

ನಿನಗೆ ಸಂತೋಷವಾಗುವ ಸುದ್ದಿಯೇ ಇದೆ. ಕೂಟ ಮಣ್ಣು ಮುಕ್ಕಿತು. ಮ್ವೇರಾ ಬೇಗನೇ ಎದ್ದು ಪ್ರಸಂಗಿಯ ದೋಣಿ ಹೊರಡಲೇ ಇಲ್ಲ. ಮೈಕು ಮಾತ್ರ ಮೊದಲೇ ಬಂದಿತ್ತು. ನಾನೇ ಹಿಡಿದು ಕೂಗಿದೆ. ಮೇಕೆಗಳು ಗುಡ್ಡಕ್ಕೆ ಓಡಿದವು. ಮಕ್ಕಳು ಕುಣಿದರು. ಆ ಭಾನುವಾರ ಮತ್ತೆ ಬಲಗೋಡೆಗೆ ಅವರು, ಎಡಗೋಡೆಗೆ ಇವರು.

ಮಾರನೇ ದಿನ ಮಧ್ಯಾಹ್ನ ಮುಖ ತೋರಿಸಲು ನಾಚಿಕೆಯಾಗಿ ಚರ್ಚಿನ ಪಕ್ಕದ ಕೋಣೆಯಲ್ಲಿ ಕೂತಿದ್ದೆ. ಒಳಗೆ ಯಾರೋ ಮಾತಾಡುವುದು ಕೇಳಿಸಿತು. ಬೇಲಿಯಾಚೆಯ ನೆರೆಯವಳ ಹತ್ತಿರ ಮಾತಾಡುವಂಥ ದನಿ. ಇಣುಕಿ ನೋಡಿದರೆ ನ್ಯಾಮ್ಹಾಂಗೋ ಒಬ್ಬರೇ. ಮಂಡಿ ನೋವು, ಹಾಗಾಗಿ ಬೆಂಚಿನ ಮೇಲೆ ಕಾಲು ಚಾಚಿಕೊಂಡಿದ್ದರು.

"ಕರ್ತನೇ, ಆ ತುದಿಮನೆ ತಫ್ವಾಚಿ, ಕೈ ಸುಟ್ಕೊಂಡಿದಾಳೆ, ನೋಡು. ಅವಳ ಗಂಡ ಕುಡಿಯೋದು ನಿನಗೆ ಗೊತ್ತೇ ಇದೆ, ನಾನ್ ಹೇಳ್ಬೇಕಾ. ಅದರ ಪಕ್ಕದ ಮನೆ ಮುದುಕ, ಹಲ್ಲು ನೋವು ಅಂತಾನೆ, ಹಲ್ಲೇ ಇಲ್ಲ ಅವನಿಗೆ, ಆದ್ರೂ ನೋಡು..."

ಹೀಗೆ ಕೂತಲ್ಲಿಂದಲೇ ದಂಡೆಯುದ್ದಕ್ಕೂ ಮನೆಮನೆಯಾಗಿ ಬಂದರು. ಯಾರನ್ನೂ ಬಿಡಲಿಲ್ಲ. ನನ್ನ ಸರದಿಯೂ ಬಂತು: "ಈ ಹುಡುಗ ಪಾದ್ರಿ, ಪಾಪ, ಒಳ್ಳೇವ್ನು. ಸ್ವಲ್ಪ ಬಾಯಿ ಕಮ್ಮಿ ಮಾಡು ಅವನಿಗೆ." ನಗು ಬಂತು, ಅಕ್ಕ. ಸೆಮಿನರಿಯಲ್ಲಿ ಯಾರೂ ನನಗೆ ಇಂಥ ಪ್ರಾರ್ಥನೆ ಕಲಿಸಿರಲಿಲ್ಲ.

ದೊಡ್ಡ ಮಾವಿನ ಮರದ ಹತ್ತಿರ ಬಂದಾಗ ನಿಂತರು. ಅಲ್ಲಿರುವುದು ಗೊಮೆಜ್ಗಾನಿಯ ತಗಡಿನ ಮನೆ. ತುಂಬಾ ಹೊತ್ತು ಸುಮ್ಮನಿದ್ದರು. ಉಸಿರು ಮಾತ್ರ ಕೇಳುತ್ತಿತ್ತು. ಆಮೇಲೆ ಅದರಾಚೆಯ ಮನೆಗೆ ದಾಟಿದರು.

ದಿನಾ ಹಾಗೇ. ಈಗ ನಾಲ್ಕಾರು ಹೆಂಗಸರು ಜೊತೆಗೆ ಬಂದು ಕೂರುತ್ತಾರೆ. ಎಲ್ಲರಿಗೂ ಆ ಮೌನದ ಅರ್ಥ ಗೊತ್ತು. ಇಷ್ಟು ದೊಡ್ಡ ಪ್ರಾರ್ಥನೆಯಲ್ಲಿ ಆ ಒಂದು ತೂತು ಇರಬಾರದು ಅನ್ನಿಸುತ್ತದೆ. ಬರುವ ತಿಂಗಳು ಅದರ ಮೇಲೇ ಪ್ರಸಂಗ ಮಾಡಬೇಕೆಂದಿದ್ದೇನೆ: ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಹೋಗಿ ಸಹೋದರನ ಸಂಗಡ ಸಮಾಧಾನವಾಗು ಎನ್ನುವ ಬೈಬಲ್ಲಿನ ಮಾತು. ಹೆಸರು ಹೇಳುವುದಿಲ್ಲ, ಆದರೆ ಮುಟ್ಟುತ್ತದೆ.

ತಿವೊಂಗೆಯ ಸುದ್ದಿಯನ್ನೇ ಬರೆಯುವುದಿಲ್ಲ ನೀನು. ಅವಳಿಗೂ ನನ್ನ ಮೇಲೆ ಸಿಟ್ಟೇ?

ವಿಂಜೇರು


ಕಿಟ್ವೆ
30 ಜೂನ್ 1996

ನನ್ನ ವಿಂಜೇರು,

ಆ ಪ್ರಸಂಗ ಮಾಡಬೇಡ. ದಮ್ಮಯ್ಯ.

ನೀನು ತೂತು ಅಂದೆ. ನೋಡು, ಅವಳು ಆ ಮನೆಯ ಮುಂದೆ ನಿಲ್ಲುತ್ತಾಳಲ್ಲ. ಬೇರೆ ದಾರಿಯಲ್ಲಿ ಸುತ್ತಿಕೊಂಡು ಹೋಗಬಹುದಿತ್ತು. ಮಾವಿನ ಮರಕ್ಕೆ ಮುಂಚೆಯೇ ಆಮೆನ್ ಹೇಳಿ ಮನೆಗೆ ಹೋಗಬಹುದಿತ್ತು. ದಿನಾ ಅಲ್ಲಿಗೆ ಹೋಗಿ ನಿಂತು, ಬಾಯಿ ಬರದೆ ಉಸಿರುಬಿಟ್ಟು ಬರುತ್ತಾಳೆ. ಅಷ್ಟು ಕಷ್ಟದ ಪ್ರಾರ್ಥನೆ ನೀನು ಮಾಡಿದ್ದೀಯಾ? ನಾನಂತೂ ಮಾಡಿಲ್ಲ.

ನನ್ನನ್ನು ಕೇಳಬೇಡ ಎಂದದ್ದು ನಿನ್ನ ಮೇಲಿನ ಸಿಟ್ಟಿಗಲ್ಲ, ಕೂಸೇ. ನನ್ನಿಂದ ಆಗುವುದಿಲ್ಲ, ಅದಕ್ಕೆ. ಬಿಳಿ ರವಿಕೆ ಹಾಕಿಕೊಂಡು ಹೋಗಿ ಕೂರುತ್ತೇನೆ. ಬಾಯಿ ಆಡುತ್ತದೆ. ಒಳಗೆ ಏನೂ ಇಲ್ಲ. ನಿನ್ನ ಭಾವ ಹೋದಾಗಿನಿಂದ ಹೀಗೆ.

ನಿನಗೆ ಬರೆಯದ್ದು ಬರೆಯುತ್ತೇನೆ. ಅವರು ಹಾಸಿಗೆ ಹಿಡಿದಾಗ ತಿವೊಂಗೆ ತನ್ನ ಹೊಸ ಸಭೆಯವರನ್ನು ಕರೆದುಕೊಂಡು ಬಂದಳು. ಹಳೇ ಸಿನಿಮಾ ಮಂದಿರದಲ್ಲಿ ಸೇರುವವರು. ಹಾಸಿಗೆ ಸುತ್ತ ನಿಂತು ಕೂಗಿದರು. ಅವರಲ್ಲೊಬ್ಬ, ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ, ಬೆರಳು ತೋರಿಸಿ, "ಏಳು! ಎದ್ದು ನಡಿ!" ಅಂದ. ನಿನ್ನ ಭಾವ ಅಬೇಲಿಯನ್ನು ನೀನು ಬಲ್ಲೆ. ಗಣಿಯಲ್ಲಿ ದುಡಿದರೂ ಯಾರಿಗೂ ಗಟ್ಟಿಯಾಗಿ ಮಾತಾಡಿದವರಲ್ಲ. ಮನೆಗೆ ಬಂದವರಿಗೆ ಬೇಜಾರಾಗಬಾರದು ಎಂದು ಏಳಲು ನೋಡಿದರು. ಎದ್ದರು ಕೂಡ. ಒಂದು ಹೆಜ್ಜೆ ಇಟ್ಟರು. ಆಮೇಲೆ ಬಿದ್ದರು.

ಆ ವಾರವೇ ಹೋದರು. ಮಣ್ಣು ಮುಗಿಸಿ ಬಂದ ಸಂಜೆ ತಿವೊಂಗೆಯ ಬಟ್ಟೆಬರೆ ಹೊರಗಿಟ್ಟೆ. "ನಿನ್ನ ಜನರ ಹತ್ರಾನೇ ಹೋಗು" ಅಂದೆ. ಹೋದಳು. ಎರಡು ವರ್ಷವಾಗುತ್ತಾ ಬಂತು. ಪೇಟೆಯ ಆಚೆ ಕೋಣೆ ಮಾಡಿಕೊಂಡಿದ್ದಾಳೆ ಎಂದು ಯಾರೋ ಹೇಳಿದರು. ಆರಾಮಾಗಿದ್ದಾಳೋ ಇಲ್ಲವೋ ನನಗೆ ಗೊತ್ತಿಲ್ಲ.

ಈಗ ನಿನಗೆ ತಿಳಿಯಿತಲ್ಲ. ಆ ಹೆಂಗಸಿಗೆ ಏನೂ ಹೇಳಬೇಡ. ಸುಮ್ಮನೆ ಹೋಗಿ ಅವಳ ಹಿಂದೆ ಕೂತುಕೋ.

ಅಕ್ಕ


ಚಿಸಾಂಗ
28 ಜುಲೈ 1996

ಅಕ್ಕ,

ನಿನ್ನ ಪತ್ರ ಓದಿ ದಂಡೆಯಲ್ಲಿ ಬಹಳ ದೂರ ನಡೆದು ಹೋದೆ. ಭಾವ ಎದ್ದು ನಿಂತ ಆ ಚಿತ್ರ ಕಣ್ಣಿನಿಂದ ಹೋಗುತ್ತಿಲ್ಲ. ನಿನ್ನ ಹತ್ತಿರ ಕೂಟಕ್ಕಾಗಿ ಪ್ರಾರ್ಥನೆ ಕೇಳಿದೆನಲ್ಲ! ಕ್ಷಮಿಸು. ನನಗೇನೂ ತಿಳಿದಿರಲಿಲ್ಲ.

ಪ್ರಸಂಗ ಬಿಟ್ಟೆ. ನೀನು ಹೇಳಿದ ಹಾಗೆ ದಿನಾ ಮಧ್ಯಾಹ್ನ ಹೋಗಿ ಹಿಂದೆ ಕೂತೆ. ಅದರಿಂದಲೇ ಇದನ್ನು ಕಣ್ಣಾರೆ ಕಂಡೆ.

ಒಂದು ದಿನ ನ್ಯಾಮ್ಹಾಂಗೋ ಪ್ರಾರ್ಥನೆಯಲ್ಲಿ ಮಾವಿನ ಮರದ ಹತ್ತಿರ ಬಂದು ಮೌನವಾಗಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಗೊಮೆಜ್ಗಾನಿ. ದಂಡೆಯಿಂದ ನೇರ ಬಂದಿದ್ದರು. ಮೊಣಕೈವರೆಗೂ ಮೀನಿನ ಹುರುಪೆ.

"ಎಲ್ಲಾ ಮನೆ ಹೆಸರೂ ಹೇಳ್ತೀಯಂತೆ. ನನ್ನ ಮನೆ ಹತ್ರ ಬಂದಾಗ ಮಾತ್ರ ನಿನಗೆ ಕೆಮ್ಮು ಬರುತ್ತಂತೆ."

ನ್ಯಾಮ್ಹಾಂಗೋ ತಿರುಗಲಿಲ್ಲ. "ಕೆಮ್ಮಲ್ಲ. ಬಾಯಿ ಬರಲ್ಲ."

"ನನ್ನ ಹೆಸರೂ ಹೇಳು."

"ಇವತ್ತಾಗಲ್ಲ."

"ನಾಳೆ?"

"ನಾಳೆದು ನಾಳೆಗೆ. ಕೂರೋದಾದ್ರೆ ಕೂತ್ಕೋ. ಚರ್ಚು ನಮ್ಮಪ್ಪಂದೇನಲ್ಲ."

ದೋಣಿಯಾಳುಗಳನ್ನು ಒಂದು ನೋಟದಲ್ಲಿ ನಡುಗಿಸುವ ಮನುಷ್ಯ, ಬಾಗಿಲ ಪಕ್ಕದ ಬೆಂಚಿನಲ್ಲಿ ಶಾಲೆಯ ಹುಡುಗನ ಹಾಗೆ ಕೂತರು. ಮಾರನೇ ದಿನವೂ ಬಂದರು. ಅದರ ಮಾರನೇ ದಿನವೂ. ಗೊಮೆಜ್ಗಾನಿ ದಿನಾ ಬರುತ್ತಾರೆ, ನ್ಯಾಮ್ಹಾಂಗೋ ದಿನಾ ಹೆಸರು ಹೇಳದೆ ಆ ಮನೆ ದಾಟುತ್ತಾರೆ.

ಊರಿಗೆ ಸುದ್ದಿ ಹಬ್ಬಿತು. ಈಗ ನೋಡಬೇಕು ನೀನು! ಬೆಂಚು ಸಾಲದೆ ಚಾಪೆ ಹಾಕಿದ್ದೇವೆ. ಗುಡ್ಡದಾಚೆ ಹೋಗುತ್ತಿದ್ದ ಹುಡುಗರು ಕಿಟಕಿಗೆ ಜೋತುಬಿದ್ದಿರುತ್ತಾರೆ. ಹೊರಗೆ ಒಬ್ಬಳು ಕರಿದ ಮರಗೆಣಸು ಮಾರಲು ಕೂತಿದ್ದಾಳೆ. ಮತೆಯೋಗೆ ಮಾತ್ರ ಉರಿಯುತ್ತಿದೆ. "ನನ್ನ ಹೆಂಡತಿ ಏನು ನಾಟಕದವಳಾ? ಅವನನ್ನ ಆಚೆ ಕಳ್ಸಿ ಅಬುಸಾ!" ಎಂದು ನನ್ನ ಮೇಲೆ ಹಾರಿದರು. ಪಾದ್ರಿಗೆ ಇಲ್ಲಿ ಅಬುಸಾ ಅನ್ನುವುದು, ಕುರುಬ ಎಂದು. ಆದರೆ ಕುರಿಗಳೇ ದಾರಿ ತೋರಿಸುತ್ತಿವೆ. ಮತೆಯೋ ಒಳಗೆ ಬರುವುದಿಲ್ಲ. ಬಾಗಿಲಿಗೆ ಬೆನ್ನು ಹಾಕಿ ಹೊರಗೆ ನಿಂತಿರುತ್ತಾರೆ. ಮನೆಗೂ ಹೋಗುವುದಿಲ್ಲ.

ಅಕ್ಕ, ಇದು ಉಜ್ಜೀವನವಲ್ಲದೆ ಇನ್ನೇನು? ಚರ್ಚು ತುಂಬಿದೆ! ನಮ್ಮ ಚರ್ಚಿನ ಮೇಲಿನವರಿಗೂ ಹಾಗೇ ಬರೆದು ತಿಳಿಸಿದೆ.

ನಿನಗಾಗಿ ಪ್ರಾರ್ಥಿಸುತ್ತಿದ್ದೇನೆ. ತಿವೊಂಗೆಗಾಗಿಯೂ. ನೀನು ಮಾಡಬೇಕಾಗಿಲ್ಲ, ನಾನು ಮಾಡುತ್ತೇನೆ.

ವಿಂಜೇರು


ಚಿಸಾಂಗ
8 ಸೆಪ್ಟೆಂಬರ್ 1996

ಅಕ್ಕ,

ನಿನ್ನಿಂದ ಪತ್ರವಿಲ್ಲ. ಅಂಚೆ ತರುವ ದೋಣಿಯವರನ್ನೆಲ್ಲ ಕೇಳಿದೆ. ತಿವೊಂಗೆಯ ಹೆಸರೆತ್ತಿ ತಪ್ಪು ಮಾಡಿದೆನೋ ಏನೋ. ಆದರೂ ಇದನ್ನು ನಿನಗಲ್ಲದೆ ಯಾರಿಗೆ ಬರೆಯಲಿ?

ಮೊದಲು ನನ್ನ ಪೆದ್ದುತನ. ಚರ್ಚು ತುಂಬಿದೆ ಎಂದು ಕುಣಿದೆನಲ್ಲ, ಅವರಲ್ಲಿ ಮುಕ್ಕಾಲು ಪಾಲು ತಮಾಷೆ ನೋಡಲು ಬಂದವರು. ದಿನಾ ಏನೂ ಆಗುವುದಿಲ್ಲ ಎಂದು ಕಂಡಮೇಲೆ ಒಬ್ಬೊಬ್ಬರೇ ಜಾರಿಕೊಂಡರು. ಮರಗೆಣಸಿನವಳೂ ಬುಟ್ಟಿ ಎತ್ತಿಕೊಂಡು ಹೋದಳು. ಮೇಲಿನವರಿಗೆ ಏನು ಹೇಳಲಿ ಎಂದು ತಲೆ ಕೆಡಿಸಿಕೊಂಡಿದ್ದೆ.

ಆದರೆ ಉಳಿದವರು ಇದ್ದರಲ್ಲ, ಅವರು ಬದಲಾಗಿದ್ದರು. ಆ ಮೌನ ಬಂದಾಗ ಯಾರೂ ನ್ಯಾಮ್ಹಾಂಗೋ ಮುಖ ನೋಡುತ್ತಿರಲಿಲ್ಲ. ತಲೆ ತಗ್ಗಿಸಿ ತಂತಮ್ಮ ಮಾವಿನ ಮರದ ಮುಂದೆ ನಿಲ್ಲುತ್ತಿದ್ದರು. ತಫ್ವಾಚಿ ಒಂದು ದಿನ ಥಟ್ಟನೆ ತನ್ನ ಸವತಿಯ ಹೆಸರು ಹೇಳಿ ಅತ್ತಳು. ನಾನೂ ಒಂದು ಹೆಸರು ಹೇಳಿದೆ. ನನ್ನ ಜೊತೆ ಓದಿದವನು, ನನಗಿಂತ ದೊಡ್ಡ ಸಭೆ ಸಿಕ್ಕಿದವನು. ಅದು ನನ್ನೊಳಗೆ ಮುಳ್ಳಾಗಿದೆ ಎಂದು ಹೇಳುವವರೆಗೆ ನನಗೇ ಗೊತ್ತಿರಲಿಲ್ಲ.

ಮೊನ್ನೆ ಬುಧವಾರ ಗಾಳಿ ಜೋರಾಗಿತ್ತು. ಗೊಮೆಜ್ಗಾನಿ ದೋಣಿಗಳನ್ನೆಲ್ಲ ಮರಳಿನ ಮೇಲೆ ಎಳೆಸಿ ಬಂದು ಕೂತಿದ್ದರು. ನ್ಯಾಮ್ಹಾಂಗೋ ಎಂದಿನಂತೆ ಒಂದೊಂದೇ ಮನೆ ಹೇಳುತ್ತಾ ಬಂದರು. ಮಾವಿನ ಮರ ಬಂತು. ಸುಮ್ಮನಾದರು. ಅಲೆಯ ಸದ್ದು. ಇನ್ನು ಆಚೆ ಮನೆಗೆ ದಾಟುತ್ತಾರೆ ಎಂದುಕೊಂಡೆವು.

"ಗೊಮೆಜ್ಗಾನಿ," ಅಂದರು.

ತಗ್ಗಿದ್ದ ತಲೆಗಳೆಲ್ಲ ಎದ್ದವು.

"ಕರ್ತನೇ, ಈ ಮನುಷ್ಯನ್ನ ನಾಲ್ಕು ವರ್ಷದಿಂದ ಹೊತ್ಕೊಂಡಿದೀನಿ. ಊಟಕ್ಕೆ ಕೂತ್ರೆ ಪಕ್ಕದಲ್ಲಿ ಕೂರ್ತಾನೆ, ಮಲಗಿದ್ರೆ ಎದೆ ಮೇಲೆ ಕೂರ್ತಾನೆ. ನನಗೆ ಅವನ ಮೇಲೆ ಪ್ರೀತಿ ಇಲ್ಲ. ನಿನ್ನ ಮುಂದೆ ಸುಳ್ಳು ಯಾಕೆ ಹೇಳ್ಲಿ? ಪ್ರೀತಿ ಬರುತ್ತೆ ಅಂತ ಕಾದೆ, ಬರ್ಲಿಲ್ಲ. ನನ್ನ ಕೈ ಸೋತಿದೆ. ಇನ್ನು ನೀನೇ ಇಟ್ಕೋ ಅವನನ್ನ. ತಗೋ."

ಎರಡು ಕೈಯನ್ನೂ ಮುಂದೆ ಚಾಚಿದರು, ಅಕ್ಕ. ನಿಜವಾಗಿ ಏನನ್ನೋ ಎತ್ತಿ ಕೊಡುವ ಹಾಗೆ. ಮತ್ತೆ ಆ ಖಾಲಿ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ನೋಡುತ್ತಾ ಕೂತರು.

ಬಾಗಿಲ ಹತ್ತಿರದಿಂದ "ಆಮೆನ್" ಕೇಳಿತು. ಗೊಮೆಜ್ಗಾನಿಯ ದನಿ ಎಂದು ಗುರುತೇ ಸಿಗಲಿಲ್ಲ. ಎದ್ದು ನಿಂತರು. "ಅವನು ಹೇಳಿದ್ದು ಸರಿ ಇತ್ತಮ್ಮಾ. ಅಲೆ ಸರಿಯಿಲ್ಲ ಅಂದ ನಿನ್ನ ಲುಸುಂಗು. ಸರಿಯಾಗೇ ಹೇಳಿದ. ನಾನು ನಕ್ಕೆ."

ಊರಿಗೆಲ್ಲ ಗೊತ್ತಿದ್ದ ಮಾತೇ ಇದು. ಆದರೆ ಅವರ ಬಾಯಿಂದ ಯಾರೂ ಕೇಳಿರಲಿಲ್ಲ. ಮತೆಯೋ ಬಾಗಿಲಲ್ಲಿ ತಿರುಗಿ ನಿಂತಿದ್ದರು. ಗೊಮೆಜ್ಗಾನಿಯನ್ನು ದಾಟಿ ಒಳಗೆ ಬಂದು, ಬಲಕ್ಕೂ ಹೋಗದೆ ಎಡಕ್ಕೂ ಹೋಗದೆ, ಧೂಳು ಹಿಡಿದ ನಡುವಿನ ಬೆಂಚಿನ ಮೇಲೆ ಕುಸಿದು ಕೂತರು. ಯಾರೂ ಯಾರನ್ನೂ ಅಪ್ಪಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹೆಂಗಸರಲ್ಲೊಬ್ಬರು ಮೆಲ್ಲಗೆ ಸ್ತೋತ್ರ ಎತ್ತಿದರು. ನಾನು ಮಾಡುವುದು ಏನೂ ಇರಲಿಲ್ಲ. ಮಂಡಿಯೂರಿದೆ, ಅಷ್ಟೇ.

ಇವತ್ತು ಭಾನುವಾರ ಬಟ್ಟಲು ಪೆಟ್ಟಿಗೆಯಿಂದ ಹೊರಗೆ ಬಂತು. ಪ್ರಭು ಭೋಜನದ ರೊಟ್ಟಿಯ ತಟ್ಟೆಯನ್ನು ಎಡಗಡೆಯ ಸಾಲಿಗೆ ತೆಗೆದುಕೊಂಡು ಹೋದದ್ದು ಮತೆಯೋ. ಗೊಮೆಜ್ಗಾನಿ ತುಂಡು ತೆಗೆದುಕೊಳ್ಳುವವರೆಗೂ ಅವರು ಅಲ್ಲಿಂದ ಕದಲಲಿಲ್ಲ.

ಸಾಯಂಕಾಲ ನ್ಯಾಮ್ಹಾಂಗೋ ಹತ್ತಿರ, "ಈಗ ಮನಸ್ಸು ಹಗುರಾಯ್ತಾ ಅಮ್ಮಾ?" ಎಂದೆ. "ಮಗ ವಾಪಸ್ ಬರ್ಲಿಲ್ವಲ್ಲ ಅಬುಸಾ," ಅಂದರು. ಆಮೇಲೆ, "ಆದ್ರೆ ನಿನ್ನೆ ಊಟ ರುಚಿ ಹತ್ತಿತು," ಅಂದರು.

ಉಜ್ಜೀವನ ಎಂದರೇನೆಂದು ಮೇಲಿನವರು ಕೇಳಿದರೆ ಇದನ್ನೇ ಹೇಳುತ್ತೇನೆ.

ಎರಡು ಸಾಲಾದರೂ ಬರೆ ಅಕ್ಕ.

ವಿಂಜೇರು


ಕಿಟ್ವೆ
13 ಅಕ್ಟೋಬರ್ 1996

ವಿಂಜೇರು, ನನ್ನ ಮುದ್ದೇ,

ಸಿಟ್ಟಿಗೆ ಸುಮ್ಮನಿದ್ದೆ ಎಂದುಕೊಂಡೆಯಾ? ಜುಲೈ ಪತ್ರಕ್ಕೆ ಉತ್ತರ ಬರೆಯಲು ಎಷ್ಟು ಸಲ ಕೂತೆನೋ. ನನಗಾಗಿ ನೀನು ಪ್ರಾರ್ಥಿಸುತ್ತೇನೆ ಎಂದದ್ದಕ್ಕೆ ಏನು ಬರೆಯಬೇಕೋ ತಿಳಿಯಲಿಲ್ಲ. ಸೆಪ್ಟೆಂಬರಿನ ಪತ್ರ ಬಂದಮೇಲೆ ಹೊಲಿಗೆಯನ್ನೂ ಮಾಡಲಾಗಲಿಲ್ಲ. ಒಬ್ಬಳ ರವಿಕೆಗೆ ಎರಡೂ ಎಡತೋಳು ಕೂಡಿಸಿಟ್ಟೆ.

ಇವತ್ತು ಬೆಳಗ್ಗೆ ಸಂಘದ ಬಟ್ಟೆ ಹಾಕಿಕೊಂಡು ಮನೆಯಿಂದ ಹೊರಟೆ. ಕಾಲು ನಮ್ಮ ಚರ್ಚಿನ ಕಡೆ ತಿರುಗಲಿಲ್ಲ. ಸಿನಿಮಾ ಮಂದಿರಕ್ಕೆ ಹೋದೆ.

ಬಾಗಿಲಲ್ಲಿ ಬಂದವರನ್ನು ಕೂರಿಸುತ್ತಾ ತಿವೊಂಗೆಯೇ ನಿಂತಿದ್ದಳು. ಸೊರಗಿದ್ದಾಳೆ. ನನ್ನನ್ನು ಕಂಡು ಕೈಯಲ್ಲಿದ್ದ ಹಾಡಿನ ಪುಸ್ತಕಗಳು ಬಿದ್ದವು.

"ಅಮ್ಮಾ, ಬೈಯೋಕೆ ಬಂದ್ಯಾ?"

"ಕೂರೋಕೆ ಬಂದೆ. ಜಾಗ ಕೊಡು."

ಸ್ಪ್ರಿಂಗು ಕಿತ್ತುಬಂದ ಕುರ್ಚಿಯಲ್ಲಿ ಕೂರಿಸಿದಳು. ಸದ್ದು ಅಂದರೆ ಏನು ಸದ್ದು! ಡೋಲು, ಗಿಟಾರು, ಕುಣಿತ. ಎದ್ದು ಹೋಗೋಣ ಎಂದುಕೊಳ್ಳುವಷ್ಟರಲ್ಲಿ ವೇದಿಕೆಯವನು "ಪ್ರಾರ್ಥಿಸಿ" ಅಂದ. ಮಂದಿರಕ್ಕೆ ಮಂದಿರವೇ ಒಟ್ಟಿಗೆ ಬಾಯಿಬಿಟ್ಟಿತು. ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ನನ್ನ ಪಕ್ಕದವಳು ಗೊಗ್ಗರು ದನಿಯಲ್ಲಿ ಅಳುತ್ತಿದ್ದಳು. ಇಷ್ಟು ವರ್ಷ ಇದನ್ನು ಗದ್ದಲ ಎಂದು ಹಳಿದೆನಲ್ಲ ತಮ್ಮಾ. ಆ ಗದ್ದಲ ಒಂದು ಕೋಣೆಯ ಹಾಗೆ ನನ್ನನ್ನು ಮುಚ್ಚಿಕೊಂಡಿತು. ಒಳಗೆ ನಾನೊಬ್ಬಳೇ. ಏನಂದರೂ ಯಾರಿಗೂ ಕೇಳುವುದಿಲ್ಲ.

ಬಾಯಿಬಿಟ್ಟೆ. ಮೊದಲು ಬಂದದ್ದು ಬೈಗುಳ. "ಯಾಕೆ ಏಳಿಸಲಿಲ್ಲ ಅವರನ್ನ? ಒಂದು ಹೆಜ್ಜೆ ಇಡಿಸಿದೆಯಲ್ಲ, ಇನ್ನೊಂದು ಇಡಿಸೋಕೆ ನಿನಗೇನಾಗಿತ್ತು?" ಹಾಗೆ ಕೂಗುತ್ತಾ ಕೂಗುತ್ತಾ ಇನ್ನೊಂದು ಬಂತು. ಆ ಹುಡುಗ ಏಳು ಅಂದಾಗ ಗೋಡೆಗೆ ಒರಗಿ ನಿಂತ ನಾನೂ ಮನಸ್ಸಿನಲ್ಲಿ ಏಳಿ, ಏಳಿ ಅಂದಿದ್ದೆ. ಅವರು ಹೆಜ್ಜೆ ಇಟ್ಟಾಗ ನಂಬಿಬಿಟ್ಟಿದ್ದೆ. ಎಲ್ಲರಿಗಿಂತ ಜಾಸ್ತಿ ನಂಬಿದವಳು ನಾನೇ. ಆ ಒಂದು ಗಳಿಗೆ ಆಸೆಪಟ್ಟ ನಾಚಿಕೆ ತಡೆಯಲಾರದೆ, ತಪ್ಪನ್ನೆಲ್ಲ ಮಗಳ ಮೇಲೆ ಹೊರಿಸಿ ಅವಳನ್ನು ಹೊರಗೆ ಹಾಕಿದೆ. "ನಾನೂ ಕೇಳ್ಕೊಂಡಿದ್ದೆ ಕರ್ತನೇ! ಅವಳೊಬ್ಬಳೇ ಅಲ್ಲ, ನಾನೂ ಕೇಳ್ಕೊಂಡಿದ್ದೆ!" ಎಂದು ಕಿರುಚುತ್ತಿದ್ದೆ.

ಪ್ರಾರ್ಥನೆ ಯಾವಾಗಲೋ ನಿಂತುಹೋಗಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ಕಣ್ಣುಬಿಟ್ಟರೆ ಅಷ್ಟು ದೊಡ್ಡ ಮಂದಿರದಲ್ಲಿ ನನ್ನದೊಂದೇ ದನಿ, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಲ್ಲಿಯವರ ಭಾಷೆ ಬೇರೆ, ನಮ್ಮ ತುಂಬುಕ ಮಾತು ಅರ್ಥವಾಗುವುದು ಒಬ್ಬಳಿಗೆ ಮಾತ್ರ. ಅವಳು ಕುರ್ಚಿಗಳ ಸಾಲು ದಾಟಿ ಬರುತ್ತಿದ್ದಳು. ನನ್ನ ಕುತ್ತಿಗೆಗೆ ಜೋತುಬಿದ್ದಳು. ಉಳಿದವರಿಗೆ ಒಂದಕ್ಷರ ತಿಳಿಯದಿದ್ದರೂ ಎಲ್ಲ ಸೇರಿ "ಆಮೆನ್" ಅಂದರು. ಆಮೆನ್ ಅಷ್ಟು ಗಟ್ಟಿಯಾಗಿ ಹೇಳಬಹುದು ಎಂದು ನನಗೆ ಗೊತ್ತಿರಲಿಲ್ಲ.

ದಾರಿಯಲ್ಲಿ ಅವಳು, "ಅಮ್ಮಾ, ಆ ಹುಡುಗ ಆಮೇಲೆ ಇಲ್ಲಿಗೆ ಬರೋದನ್ನೇ ಬಿಟ್ಟ. ಅಪ್ಪ ಬಿದ್ದಿದ್ದನ್ನ ನೋಡಿ ಅವನಿಗೂ ತಡೆಯೋಕಾಗ್ಲಿಲ್ಲ," ಅಂದಳು. ಅವನ ಹೆಸರು ಕೇಳಿಟ್ಟುಕೊಂಡಿದ್ದೇನೆ. ನಾಳೆ ಇಬ್ಬರೂ ಹೋಗಿ ಅವನ ಮನೆ ಹುಡುಕುತ್ತೇವೆ.

ಮನೆಗೆ ಬಂದು ಸಿಮಾ ಮುದ್ದೆ ತಿರುವಿದೆ. ಸೊಪ್ಪು, ಕಡಲೆಕಾಯಿ ಪುಡಿ ಹಾಕಿ ಪಲ್ಯ. ತಟ್ಟೆ ಬಳಿದು ತಿಂದಳು. ಈಗ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಾ ಅವರ ಸಭೆಯ ಹಾಡು ಹೇಳುತ್ತಿದ್ದಾಳೆ. ಭಾನುವಾರದ ಮಧ್ಯಾಹ್ನ, ಅಕ್ಕಪಕ್ಕದವರೆಲ್ಲ ಮಲಗುವ ಹೊತ್ತು. ಬೇಲಿಯಾಚೆಯಿಂದ ಆಗಲೇ ಒಬ್ಬಳು ತಲೆ ಹಾಕಿ, "ಮಸೋಜಿ, ಅದ್ಯಾರು ಅಷ್ಟು ಕೂಗ್ತಿರೋದು?" ಎಂದು ಕೇಳಿದಳು.

"ನನ್ನ ಮಗಳು," ಅಂದೆ.

ನಿನ್ನ ಅಕ್ಕ